ಜೋಳದ ನಾರು ಎಮ್ಮೆಗೆ ಹೋಗುತ್ತಿದೆಯೇ?

ಪ್ರಶ್ನೆ: ನಮಸ್ಕಾರ್ರಿ. ನಮ್ಮದು ಸೇಡಂ ಹತ್ತಿರ ಒಂದು ಹಳ್ಳಿ. ನಮ್ಮ ಮಾವನೋರಿಗೆ ಶುಗರ್ ಅದ ಅಂತ ಗೊತ್ತಾಗಿ ಎಂಟು ತಿಂಗಳಾತು. ನಾರಿನಂಶ ಇರೋದು ತಿನ್ನಸ್ರಿ ಅಂತ ಡಾಕ್ಟರ್ ಹೇಳ್ಯಾರ. ಪುಣೆದಾಗಿರೋ ಮೈದುನ ಓಟ್ಸ್ ಡಬ್ಬಿ ಕಳಿಸ್ಯಾನ. ಮಾವನೋರು ಮಾತ್ರ ಜ್ವಾಳದ ರೊಟ್ಟಿ ಬಿಟ್ಟು ಇರಂಗಿಲ್ಲ ಅಂತಾರ. ಗೋಧಿ ಚಪಾತಿದಾಗ ನಾರು ಜಾಸ್ತಿ ಅಂತ ಕೆಲವರು, ಜ್ವಾಳದಾಗ ಜಾಸ್ತಿ ಅಂತ ಕೆಲವರು. ಮಗಳ ಕಾಲೇಜಿನ ಹಳೇ ಪುಸ್ತಕದಾಗ ಜ್ವಾಳದಾಗ ನಾರು 1.6 ಗ್ರಾಂ ಅಂತದ, ಮೊಬೈಲ್‌ನಾಗ 10 ಗ್ರಾಂ ಅಂತದ. ಯಾವುದು ಖರೆ? ನಾವು ಗಿರಣಿಯಾಗ ಸಣ್ಣಗೆ ಬೀಸಿಸಿ, ಸಾಣಿಸಿ ರೊಟ್ಟಿ ಬಡಿತೀವಿ. ಸಾಣಿಗ್ಯಾಗ ಉಳದಿದ್ದು ಎಮ್ಮಿಗೆ ಹೋಗ್ತದ. ನಾರೆಲ್ಲ ಎಮ್ಮಿಗೇ ಹೋಗ್ಲಿಕತ್ತದೇನ್ರಿ?

ಉತ್ತರ: ಅಕ್ಕಾವರೇ, ಎರಡೂ ಅಂಕಿ ಖರೆ. ಅಳೆದ ರೀತಿ ಮಾತ್ರ ಬೇರೆ. ಇದನ್ನು ಮೊದಲು ಬಿಡಿಸಿಕೊಂಡರೆ ಉಳಿದದ್ದು ಸುಲಭವಾಗುತ್ತದೆ.

ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ವೇಂಡೆ ಎಂಬಲ್ಲಿ ದನದ ಮೇವನ್ನು ಪರೀಕ್ಷಿಸುತ್ತಿದ್ದ ರಸಾಯನ ವಿಜ್ಞಾನಿಗಳು ಒಂದು ವಿಧಾನ ಕಂಡುಕೊಂಡರು. ಮೇವನ್ನು ತೆಳು ಆಮ್ಲದಲ್ಲಿ ಕುದಿಸುವುದು, ಆಮೇಲೆ ತೆಳು ಕ್ಷಾರದಲ್ಲಿ ಕುದಿಸುವುದು, ಕರಗದೆ ಉಳಿದದ್ದನ್ನು ತೂಗಿ ಅದಕ್ಕೆ ‘ಕ್ರೂಡ್ ಫೈಬರ್’ ಎನ್ನುವುದು. ಅದೇ ವಿಧಾನ ಮನುಷ್ಯರ ಆಹಾರಕ್ಕೂ ನೂರು ವರ್ಷ ನಡೆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ 100 ಗ್ರಾಂ ಜೋಳಕ್ಕೆ 1.6, ಗೋಧಿಗೆ 1.2, ರಾಗಿಗೆ 3.6, ಪಾಲಿಶ್ ಅಕ್ಕಿಗೆ 0.2 ಗ್ರಾಂ ಎಂದಿರುವುದು ಈ ಲೆಕ್ಕ. ನಿಮ್ಮ ಮಗಳ ಪುಸ್ತಕದ ಅಂಕಿ ಅಲ್ಲಿಂದ ಬಂದದ್ದು. ಆದರೆ ನಮ್ಮ ಹೊಟ್ಟೆಯಲ್ಲಿ ಕುದಿಯುವ ಕ್ಷಾರ ಇಲ್ಲವಲ್ಲ. ಆ ಕುದಿತಕ್ಕೆ ನಿಜವಾದ ನಾರಿನ ಬಹುಪಾಲು ಕರಗಿ ನೀರಿನ ಜೊತೆ ಹೋಗಿಬಿಡುತ್ತಿತ್ತು.

ಈಗಿನ ವಿಧಾನದಲ್ಲಿ ನಮ್ಮ ಕರುಳಿನಲ್ಲಿ ಕೆಲಸ ಮಾಡುವಂಥ ಕಿಣ್ವಗಳನ್ನೇ ಹಿಟ್ಟಿನ ಮೇಲೆ ಬಿಡುತ್ತಾರೆ. ಪಿಷ್ಟ ಕರಗುತ್ತದೆ, ಪ್ರೋಟೀನ್ ಕರಗುತ್ತದೆ. ಉಳಿದದ್ದು ನಾರು. ಅದೇ ಸಂಸ್ಥೆ 2017ರಲ್ಲಿ ಹೊರತಂದ ಹೊಸ ಕೋಷ್ಟಕದಲ್ಲಿ ಜೋಳ 10.2, ಗೋಧಿ 11.2, ಸಜ್ಜೆ 11.5, ರಾಗಿ 11.2 ಗ್ರಾಂ. ಪಾಲಿಶ್ ಅಕ್ಕಿ ಮತ್ತು ಮೈದಾ ಎರಡೂ 2.8ರ ಆಸುಪಾಸು. ರಾಗಿಯಲ್ಲಿ ಜೋಳಕ್ಕಿಂತ ಎರಡು ಪಟ್ಟು ನಾರು ಎಂಬ ನಂಬಿಕೆ ಹಳೆಯ ವಿಧಾನದ ಕೂಸು. ಹೊಸ ವಿಧಾನದಲ್ಲಿ ಅದು ನಿಲ್ಲುವುದಿಲ್ಲ. ಗೋಧಿಗೂ ಜೋಳಕ್ಕೂ ಒಂದು ಗ್ರಾಂ ಅಂತರ. ತಳಿ, ಹೊಲ, ಮಳೆ ಬದಲಾದರೂ ಅಷ್ಟು ಹೆಚ್ಚುಕಡಿಮೆಯಾಗುತ್ತದೆ. ಹಾಗಾಗಿ ಚಪಾತಿಯೋ ರೊಟ್ಟಿಯೋ ಎಂಬ ಜಗಳವನ್ನು ನಾರಿನ ಹೆಸರಲ್ಲಿ ಮನೆಯಲ್ಲಿ ಮಾಡಬೇಡಿ. ಮಾವನವರ ರೊಟ್ಟಿ ಅವರಿಗಿರಲಿ.

ಇನ್ನು ನನಗೆ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ಜನ ನಾರನ್ನು ಉಪ್ಪು, ಸಕ್ಕರೆಯ ಹಾಗೆ ಕಾಳಿನೊಳಗೆ ಬೆರೆತ ಒಂದು ಪುಡಿ ಎಂದುಕೊಳ್ಳುತ್ತಾರೆ. ಇಷ್ಟು ಗ್ರಾಂ ಒಳಗೆ ಹೋದರೆ ಕೆಲಸ ಆಯಿತು ಎಂಬ ಲೆಕ್ಕ. ಕಾಳಿನ ನಾರೆಂದರೆ ಕಾಳಿನ ಗೋಡೆಗಳು. ಜೋಳದ ಒಂದು ಕಾಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳು ಲೆಕ್ಕವಿಲ್ಲದಷ್ಟಿವೆ. ಒಂದೊಂದು ಕೋಣೆಯೂ ಒಂದು ಜೀವಕೋಶ. ಒಳಗೆ ಪಿಷ್ಟದ ಹರಳುಗಳು ತುಂಬಿವೆ, ಸುತ್ತ ಗೋಡೆ. ಆ ಗೋಡೆಯನ್ನು ಒಡೆಯುವ ಕಿಣ್ವ ಮನುಷ್ಯನ ದೇಹದಲ್ಲಿ ಇಲ್ಲ. ‘ಆಹಾರದ ನಾರು’ ಎಂಬ ಮಾತನ್ನು ಮೊದಲು ಬಳಸಿದವರು ಹಿಪ್ಸ್ಲಿ ಎಂಬ ಸಂಶೋಧಕರು, 1953ರಲ್ಲಿ. ಉಗಾಂಡಾದಲ್ಲಿ ಬಹಳ ಕಾಲ ವೈದ್ಯರಾಗಿದ್ದ ಹ್ಯೂ ಟ್ರೋವೆಲ್ 1972ರಲ್ಲಿ ಅದಕ್ಕೆ ಕೊಟ್ಟ ವ್ಯಾಖ್ಯೆಯೂ ಇದೇ: ಮನುಷ್ಯನ ಜೀರ್ಣರಸಕ್ಕೆ ಜಗ್ಗದೆ ಉಳಿಯುವ ಸಸ್ಯಕೋಶದ ಗೋಡೆ. ಅವರೂ ಅಲ್ಲಿಯೇ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ ಅವರೂ ಅಲ್ಲಿನ ಹಳ್ಳಿಗರಲ್ಲಿ ಮಲಬದ್ಧತೆ, ಕರುಳಿನ ಕಾಯಿಲೆ, ಸಕ್ಕರೆ ಕಾಯಿಲೆ ಅಪರೂಪವೆಂಬುದನ್ನು ಗಮನಿಸಿ ಅವರ ಊಟದ ಕಡೆ ಕಣ್ಣು ಹಾಯಿಸಿದವರು. ಆಮೇಲೆ ವ್ಯಾಖ್ಯೆ ಹಿಗ್ಗಿತು, 2009ರಲ್ಲಿ ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ಹಾಕುವ ಕೋಡೆಕ್ಸ್ ಸಂಸ್ಥೆ ಇನ್ನಷ್ಟು ಸೇರಿಸಿತು. ಆದರೂ ನನಗೆ ಟ್ರೋವೆಲ್ ಅವರ ಮೊದಲ ಮಾತೇ ಹೆಚ್ಚು ಸರಿ ಕಾಣುತ್ತದೆ. ಗೋಡೆ ಎಂದ ಕೂಡಲೇ ಅದು ನಿಂತಿದೆಯೋ ಬಿದ್ದಿದೆಯೋ ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

ಗೋಡೆ ಯಾವುದರಿಂದ ಕಟ್ಟಿದ್ದು? ಎಲ್ಲ ಕಾಳಿನಲ್ಲೂ ಒಂದೇ ಸಾಮಾನಲ್ಲ. ಗೋಧಿ ಕಾಳಿನ ಒಳಗಿನ ಬಿಳಿ ಭಾಗದ ಗೋಡೆಯಲ್ಲಿ ಸುಮಾರು ಶೇ. 70 ಅರಾಬಿನೋಕ್ಸೈಲಾನ್ ಎಂಬ ವಸ್ತು. ಕ್ಸೈಲೋಸ್ ಎಂಬ ಸಕ್ಕರೆಯ ಉದ್ದನೆಯ ಸರಪಳಿ, ಅದರ ಪಕ್ಕಕ್ಕೆ ಅಲ್ಲಲ್ಲಿ ಅರಾಬಿನೋಸ್ ಎಂಬ ಇನ್ನೊಂದು ಸಕ್ಕರೆಯ ಟಿಸಿಲು. ಬಾರ್ಲಿಯಲ್ಲಿ ಇದು ತಿರುಗುಮುರುಗು. ಅದರ ಗೋಡೆಯ ಮುಕ್ಕಾಲು ಭಾಗ ಬೀಟಾ ಗ್ಲೂಕಾನ್ ಎಂಬ ಇನ್ನೊಂದು ಬಗೆಯ ನಾರು. ಓಟ್ಸ್‌ನ ಹೆಸರು ಬೆಳೆದದ್ದೂ ಇದೇ ಬೀಟಾ ಗ್ಲೂಕಾನ್‌ನಿಂದ. ನಮ್ಮ ಜೋಳದಲ್ಲಿ ಬೀಟಾ ಗ್ಲೂಕಾನ್ ಕಡಿಮೆ. ಅದರ ಗೋಡೆ ಟಿಸಿಲು ದಟ್ಟವಾಗಿರುವ ಅರಾಬಿನೋಕ್ಸೈಲಾನ್‌ನದು, ಬಹುಮಟ್ಟಿಗೆ ನೀರಿನಲ್ಲಿ ಕರಗದು. ಒಂದು ಸರಪಳಿಯನ್ನು ಇನ್ನೊಂದಕ್ಕೆ ಫೆರುಲಿಕ್ ಆಮ್ಲ ಎಂಬುದು ಹೊಲಿಗೆ ಹಾಕಿದಂತೆ ಹಿಡಿದಿಟ್ಟಿರುತ್ತದೆ. ಕಾಳನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟು ಅತಿನೇರಳೆ ಬೆಳಕು ಬಿಟ್ಟರೆ ಈ ಆಮ್ಲ ನೀಲಿಯಾಗಿ ಹೊಳೆಯುತ್ತದೆ. ಸಿಪ್ಪೆಯ ಕೆಳಗಿನ ಅಲ್ಯೂರೋನ್ ಎಂಬ ಪದರದ ದಪ್ಪ ಗೋಡೆಗಳು ಜೇನುಗೂಡಿನ ಕಟ್ಟಿನಂತೆ ಸಾಲಾಗಿ ಕಾಣುತ್ತವೆ. ಮೊದಲ ಸಲ ಅದನ್ನು ನೋಡಿದ ದಿನ ನಾನು ಊಟದ ಹೊತ್ತು ಮರೆತು ಕೂತಿದ್ದೆ. ದಿನಾ ತಿನ್ನುವ ಕಾಳಿನೊಳಗೆ ಇಂಥ ಕಟ್ಟಡವಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಹುಲ್ಲಿನ ಜಾತಿಯ ಗಿಡಗಳು ಬೀಟಾ ಗ್ಲೂಕಾನ್ ಕಟ್ಟುವುದು ಹೇಗೆ ಎಂಬ ಗುಟ್ಟು ತಿಳಿದದ್ದು 2006ರಲ್ಲಿ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ರೇಚಲ್ ಬರ್ಟನ್, ಜೆಫ್ ಫಿಂಚರ್ ಮತ್ತು ಸಂಗಡಿಗರು ಭತ್ತದ ಒಂದು ಜೀನ್ ಗುಂಪನ್ನು, ಸಾಸಿವೆಯ ಕುಟುಂಬಕ್ಕೆ ಸೇರಿದ ಒಂದು ಪುಟ್ಟ ಗಿಡಕ್ಕೆ ಸೇರಿಸಿದರು. ಆ ಗಿಡ ಹುಟ್ಟಾ ಬೀಟಾ ಗ್ಲೂಕಾನ್ ಮಾಡುವುದಿಲ್ಲ. ಜೀನ್ ಹೋದ ಮೇಲೆ ಅದರ ಗೋಡೆಯಲ್ಲಿ ಅದು ಕಂಡಿತು. ಇಂಥ ಕೆಲಸ ಗೋಧಿ, ಬಾರ್ಲಿ, ಓಟ್ಸ್, ಭತ್ತದ ಮೇಲೆ ಹೇರಳವಾಗಿ ನಡೆದಿದೆ. ನಮ್ಮ ಹಿಂಗಾರಿ ಬಿಳಿಜೋಳದ ಗೋಡೆಗೂ, ಮಾಲದಂಡಿಯಂಥ ತಳಿಗೂ ಅಷ್ಟೇ ಶ್ರದ್ಧೆ ಸಿಗಬೇಕು ಎಂಬುದು ನನ್ನ ಬಹುದಿನದ ಆಸೆ. ಬೀದರಿನಿಂದ ವಿಜಯಪುರದವರೆಗೆ ಜನ ಅದನ್ನೇ ಉಂಡು ಬದುಕಿದ್ದಾರೆ.

ಓಟ್ಸ್ ವಿಷಯ. ಬೀಟಾ ಗ್ಲೂಕಾನ್ ನೀರಿನಲ್ಲಿ ಕರಗಿ ಲೋಳೆಯಾಗುತ್ತದೆ. ಕರುಳಿನಲ್ಲಿ ಊಟ ಗಟ್ಟಿ ಗಂಜಿಯಂತಾಗಿ ಸಕ್ಕರೆ ನಿಧಾನಕ್ಕೆ ರಕ್ತ ಸೇರುತ್ತದೆ, ಕೊಲೆಸ್ಟ್ರಾಲಿನಿಂದಲೇ ತಯಾರಾಗುವ ಪಿತ್ತದ ಲವಣಗಳು ಮಲದೊಂದಿಗೆ ಹೊರಗೆ ಹೋಗುವುದರಿಂದ ಕೊಲೆಸ್ಟ್ರಾಲ್ ಇಳಿಯುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ದಿನಕ್ಕೆ 3 ಗ್ರಾಂ ಓಟ್ಸ್ ಬೀಟಾ ಗ್ಲೂಕಾನ್‌ನ ಲೆಕ್ಕಕ್ಕೆ ಹೃದಯದ ಆರೋಗ್ಯದ ಹೇಳಿಕೆಯನ್ನು ಒಪ್ಪಿತು. ಇದು ಕೊಲೆಸ್ಟ್ರಾಲ್ ಮಾತು. ಊಟದ ನಂತರದ ಸಕ್ಕರೆಗೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲಿ ಹಾಕಿದ ಗೆರೆ ಇನ್ನೂ ಮೇಲಿದೆ: ಜೀರ್ಣವಾಗುವ ಪ್ರತಿ 30 ಗ್ರಾಂ ಕಾರ್ಬೋಹೈಡ್ರೇಟ್‌ಗೆ 4 ಗ್ರಾಂ ಬೀಟಾ ಗ್ಲೂಕಾನ್. ಸಾಮಾನ್ಯ ಓಟ್ಸ್‌ನಲ್ಲಿ 100 ಗ್ರಾಂಗೆ 4 ಗ್ರಾಂ ಬೀಟಾ ಗ್ಲೂಕಾನ್ ಇದೆ, ಕಾರ್ಬೋಹೈಡ್ರೇಟ್ 60 ಗ್ರಾಂನ ಹತ್ತಿರ ಎಂದಿಟ್ಟುಕೊಳ್ಳಿ. ಆಗ 30 ಗ್ರಾಂಗೆ ಸಿಗುವುದು 2 ಗ್ರಾಂ. ಬೇಕಾದದ್ದರ ಅರ್ಧ. ಅದೂ ಎರಡೇ ನಿಮಿಷದಲ್ಲಿ ಬೇಯುವ ಓಟ್ಸ್ ಆದರೆ ಆವಿಯಲ್ಲಿ ಬೇಯಿಸಿ, ತೆಳ್ಳಗೆ ಒತ್ತಿ, ತುಂಡು ಮಾಡಿದ್ದು. ಕಳಿಸಿದ ಮೈದುನನ ಪ್ರೀತಿ ದೊಡ್ಡದು. ಬೆಳಿಗ್ಗೆ ಉಪ್ಪಿಟ್ಟಿನ ಬದಲು ಒಮ್ಮೊಮ್ಮೆ ಮಾಡಿಕೊಡಿ. ಮಾವನವರಿಗೆ ಕೊಲೆಸ್ಟ್ರಾಲ್ ಕೂಡ ಹೆಚ್ಚಿದ್ದರೆ ಅದಕ್ಕೆ ಉಪಯೋಗ. ರೊಟ್ಟಿ ಬಿಡಿಸಿ ಓಟ್ಸ್ ತಿನ್ನಿಸುವಷ್ಟು ಕಾರಣ ಇದರಲ್ಲಿಲ್ಲ. ಇನ್ನೊಂದು: ಜೋಳದ ಅಂಬಲಿಯೂ ಲೋಳೆಯಾಗಿ ಗಟ್ಟಿಯಾಗುತ್ತದಲ್ಲ, ಅದೂ ಬೀಟಾ ಗ್ಲೂಕಾನೇ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಅದು ಬೆಂದು ಉಬ್ಬಿದ ಪಿಷ್ಟ, ಸಕ್ಕರೆಯಾಗುವ ವಸ್ತು.

ಈಗ ಗಿರಣಿಗೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ‘ಸಣ್ಣಗೆ ಬೀಸಿಸಿ’ ಎಂಬುದು. 1988ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕೆನೆತ್ ಹೀಟನ್ ಮತ್ತು ಸಂಗಡಿಗರು ಆರೋಗ್ಯವಂತರಿಗೆ ಒಂದೇ ಗೋಧಿಯನ್ನು ನಾಲ್ಕು ರೂಪದಲ್ಲಿ ತಿನ್ನಿಸಿದರು: ಇಡೀ ಕಾಳು, ಒಡೆದ ಕಾಳು, ತರಿ ಹಿಟ್ಟು, ನುಣ್ಣನೆ ಹಿಟ್ಟು. ಕಣ ಸಣ್ಣದಾದಂತೆ ರಕ್ತದಲ್ಲಿ ಇನ್ಸುಲಿನ್ ಮೆಟ್ಟಿಲು ಮೆಟ್ಟಿಲಾಗಿ ಏರಿತು. ನಾಲ್ಕರಲ್ಲೂ ನಾರು ಒಂದೇ, ಪಿಷ್ಟ ಒಂದೇ. 2015ರಲ್ಲಿ ಲಂಡನ್ನಿನ ಕ್ಯಾಥರೀನಾ ಎಡ್ವರ್ಡ್ಸ್, ಪೀಟರ್ ಎಲ್ಲಿಸ್ ಮತ್ತಿತರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದೊಡ್ಡ ಕರುಳು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದಿರುವ ಜನ ಇರುತ್ತಾರೆ. ಅಂಥವರು ಒಪ್ಪಿ ಮುಂದೆ ಬಂದರು. ಅವರಿಗೆ ಒಮ್ಮೆ 2 ಮಿಲಿಮೀಟರ್ ತರಿಯ ಗೋಧಿ ಗಂಜಿ, ಇನ್ನೊಮ್ಮೆ ನುಣ್ಣನೆ ಗಂಜಿ ಕೊಟ್ಟರು. ತರಿ ಗಂಜಿ ಉಂಡಾಗ ರಕ್ತದ ಸಕ್ಕರೆಯೂ ಇನ್ಸುಲಿನ್ನೂ ಕಡಿಮೆ ಏರಿದವು. ಸಣ್ಣ ಕರುಳಿನಿಂದ ಹೊರಬಂದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗೋಡೆ ಗಟ್ಟಿಯಾಗಿ ನಿಂತ ಕೋಣೆಗಳಲ್ಲಿ ಪಿಷ್ಟ ಹಾಗೇ ಇತ್ತು.

ಇದು ಏಕೆಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಒಂದು ಕೋಣೆಯ ಅಗಲ 0.1 ಮಿಲಿಮೀಟರ್ ಎಂದಿಟ್ಟುಕೊಳ್ಳಿ, ಸುಮಾರಾಗಿ ಅಷ್ಟೇ ಇರುತ್ತದೆ. 2 ಮಿಲಿಮೀಟರ್‌ನ ಒಂದು ಚೌಕ ನುಚ್ಚಿನಲ್ಲಿ ಉದ್ದಕ್ಕೆ 20, ಅಗಲಕ್ಕೆ 20, ಎತ್ತರಕ್ಕೆ 20, ಒಟ್ಟು 8,000 ಕೋಣೆ. ಒಡೆದು ತೆರೆದುಕೊಳ್ಳುವುದು ಹೊರಮೈ ಕೋಣೆಗಳು ಮಾತ್ರ, 2,168. ಮುಕ್ಕಾಲು ಭಾಗಕ್ಕೆ ಬಾಗಿಲು ಮುಚ್ಚಿದೆ. ನುಚ್ಚು 1 ಮಿಲಿಮೀಟರ್‌ಗೆ ಇಳಿದರೆ 1,000 ಕೋಣೆಯಲ್ಲಿ 488 ತೆರೆದವು, ಅಂದರೆ ಸರಿಸುಮಾರು ಅರ್ಧ. 0.2 ಮಿಲಿಮೀಟರ್‌ನ ಹಿಟ್ಟಿನ ಕಣದಲ್ಲಿ ಎಂಟೇ ಕೋಣೆ, ಎಂಟೂ ಹೊರಮೈಯಲ್ಲೇ. ಮುಚ್ಚಿದ ಬಾಗಿಲು ಒಂದೂ ಇಲ್ಲ. ಗೋಡೆಯ ತೂಕ ಅಷ್ಟೇ ಇದೆ, ಕೋಷ್ಟಕದಲ್ಲಿ 10 ಗ್ರಾಂ ಎಂದೇ ಬರುತ್ತದೆ. ಆದರೆ ಮನೆ ಕೆಡವಿ ಇಟ್ಟಿಗೆ ರಾಶಿ ಹಾಕಿದರೆ ಅದನ್ನು ಮನೆ ಅನ್ನಲಾಗದು.

ಆದ್ದರಿಂದ ನಿಮ್ಮ ಮನೆಗೆ ನಾನು ಮೊದಲು ಹೇಳುವುದು ಜೋಳದ ನುಚ್ಚು. ನಿಮ್ಮ ಅತ್ತೆಯವರಿಗೆ ಗೊತ್ತಿದ್ದೇ ಇರುತ್ತದೆ. ಗಿರಣಿಯಲ್ಲಿ ಕಲ್ಲು ಸಡಿಲ ಬಿಡಿಸಿ ಒಡಿಸಿ, ಹಿಟ್ಟು ಬೇರೆ ಮಾಡಿ, ದಪ್ಪ ನುಚ್ಚನ್ನು ರಾತ್ರಿ ಊಟಕ್ಕೆ ಬೇಯಿಸಿ, ಮಜ್ಜಿಗೆ ಅಥವಾ ಪುಂಡಿ ಪಲ್ಯದ ಜೊತೆ. ಒಂದೇ ಎಚ್ಚರ: ಕುಕ್ಕರಿನಲ್ಲಿ ಐದಾರು ಸೀಟಿ ಹೊಡೆಸಿ ಮುದ್ದೆ ಮಾಡಬೇಡಿ. ತೀರಾ ಬೆಂದರೆ ಕೋಣೆಗಳು ಬಿಟ್ಟುಕೊಳ್ಳುತ್ತವೆ, ಗೋಡೆಯೂ ಸಡಿಲಾಗುತ್ತದೆ. ಕಾಳು ಬೆಂದಿರಬೇಕು, ತುಂಡು ತುಂಡಾಗಿ ಕಾಣಬೇಕು, ಅಗಿದು ತಿನ್ನುವಂತಿರಬೇಕು.

ರೊಟ್ಟಿಯ ಹಿಟ್ಟನ್ನು ನುಚ್ಚಿನಷ್ಟು ತರಿ ಮಾಡಲಾಗುವುದಿಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೋಧಿ ಹಿಟ್ಟಿಗೆ ಜಿಗಿ ಕೊಡುವ ಗ್ಲುಟೆನ್ ಎಂಬ ಪ್ರೋಟೀನ್ ಜೋಳದಲ್ಲಿ ಇಲ್ಲ. ಕುದಿಯುವ ಎಸರು ಹಾಕಿದಾಗ ಸ್ವಲ್ಪ ಪಿಷ್ಟ ಬೆಂದು ಅಂಟಾಗುವುದರಿಂದಲೇ ಹಿಟ್ಟಿಗೆ ಜಿಗಿ ಬರುವುದು. ತರಿ ಹೆಚ್ಚಾದರೆ, ತೌಡು ಉಳಿದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಸಾಣಿಸುವ ರೂಢಿ ಬಂದದ್ದೇ ಈ ಕಾರಣಕ್ಕೆ. ನುಣ್ಣನೆ ಹಿಟ್ಟಿನ ರೊಟ್ಟಿ ಅಗಲವಾಗಿ, ತೆಳ್ಳಗೆ, ಬೆಳ್ಳಗೆ ಬರುತ್ತದೆ, ಬೀಗರ ಮುಂದೆ ಇಡಲು ಚೆಂದ. ಮಾವನವರ ರೊಟ್ಟಿ ಸ್ವಲ್ಪ ದಪ್ಪ, ಸ್ವಲ್ಪ ಮಂದ ಬಣ್ಣದ್ದಾಗಿದ್ದರೆ ನಡೆಯುತ್ತದೆ. ಒಂದು ಹದ ತರಿಯಾಗಿ ಬೀಸಲು ಗಿರಣಿಯವರಿಗೆ ಹೇಳಿ, ಎಸರನ್ನು ಚೆನ್ನಾಗಿ ಕುದಿಸಿ ಹಾಕಿ, ಸ್ವಲ್ಪ ಹೆಚ್ಚು ಹೊತ್ತು ನಾದಿ.

ಸಾಣಿಗೆಯಲ್ಲಿ ಎಷ್ಟು ಹೋಗುತ್ತಿದೆ ಎಂಬುದನ್ನು ನೀವೇ ಅಳೆಯಬಹುದು. ಒಂದು ಕೆ.ಜಿ. ಹಿಟ್ಟು ಸಾಣಿಸಿ, ಮೇಲುಳಿದದ್ದನ್ನು ತೂಗಿ. ತೂಕ ಸಣ್ಣದು ಕಾಣಬಹುದು, ಮೋಸ ಹೋಗಬೇಡಿ. ಕಾಳಿನ ಅತಿ ದಪ್ಪ ಗೋಡೆಗಳು ಸಿಪ್ಪೆ ಮತ್ತು ಅಲ್ಯೂರೋನ್ ಪದರದಲ್ಲಿವೆ, ಸಾಣಿಗೆ ಹಿಡಿಯುವುದು ಅವನ್ನೇ. ಗೋಧಿ ತೌಡಿನಲ್ಲಿ ಶೇ. 40ಕ್ಕೂ ಮೇಲೆ ನಾರು. ಅದರ ಪ್ರತಿ ಗ್ರಾಂ ನಾರು ಮಲದ ತೂಕವನ್ನು ಸುಮಾರು 5 ಗ್ರಾಂ ಹೆಚ್ಚಿಸುತ್ತದೆ ಎಂದು ಅಳೆದಿದ್ದಾರೆ. ಅಲ್ಲಿಯೂ ನುಣ್ಣಗೆ ಅರೆದ ತೌಡಿಗಿಂತ ದಪ್ಪ ತೌಡೇ ಮೇಲು. ಬೆಳಿಗ್ಗೆ ಹೊಟ್ಟೆ ಸಲೀಸಾಗಿ ಖಾಲಿಯಾಗಬೇಕೆಂದರೆ ಈ ಕರಗದ ನಾರು ಬೇಕು. ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಬಲ್ಲಷ್ಟನ್ನು ಹುದುಗಿಸಿ ಬ್ಯುಟಿರಿಕ್ ಆಮ್ಲದಂಥವನ್ನು ಮಾಡುತ್ತವೆ, ದೊಡ್ಡ ಕರುಳಿನ ಒಳಪದರಕ್ಕೆ ಅದೇ ಮುಖ್ಯ ಆಹಾರ.

ಜೋಳದ ರೊಟ್ಟಿ ‘ಹೊಟ್ಯಾಗ ನಿಲ್ತದ’ ಎಂದು ನಮ್ಮ ಕಡೆ ಹೇಳುವ ಮಾತಿಗೆ ನಾರಲ್ಲದೆ ಇನ್ನೊಂದು ಕಾರಣವೂ ಇದೆ. ಜೋಳದ ಕಾಫಿರಿನ್ ಎಂಬ ಪ್ರೋಟೀನ್ ನೀರಿನಲ್ಲಿ ಬೆಂದಾಗ ಒಂದಕ್ಕೊಂದು ಬೆಸೆದುಕೊಂಡು ಬಿಗಿಯಾಗುತ್ತದೆ, ಜೀರ್ಣವಾಗುವುದು ನಿಧಾನ. ಪ್ರೋಟೀನ್‌ನಲ್ಲಿ ಅದೊಂದು ನಷ್ಟ. ಬೇಳೆ ಇಲ್ಲದ ರೊಟ್ಟಿ ಊಟ ಅದಕ್ಕೇ ಅರೆಕೊರೆ. ತಂಗಳ ರೊಟ್ಟಿಯ ಬಗ್ಗೆಯೂ ಕೇಳುವವರಿದ್ದಾರೆ. ಬೆಂದ ಪಿಷ್ಟ ಆರಿದಾಗ ಸ್ವಲ್ಪ ಭಾಗ ಮತ್ತೆ ಹರಳುಗಟ್ಟಿ ಜೀರ್ಣವಾಗದ ಹಾಗೆ ಆಗುತ್ತದೆ. ಮೆತ್ತಗಿರುವ ತಂಗಳ ರೊಟ್ಟಿಯಲ್ಲಿ ಇದು ನಡೆಯುತ್ತದೆ. ಬೇಗ ಒಣಗಿಸಿದ ಕಡಕ್ ರೊಟ್ಟಿಯಲ್ಲಿ ನೀರೇ ಇರುವುದಿಲ್ಲವಾದ್ದರಿಂದ ಕಡಿಮೆ. ಲಾಭ ಸಣ್ಣದು, ಅದರ ಮೇಲೆ ಭಾರ ಹಾಕಬೇಡಿ.

ಬೇಳೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಗೋಡೆಯ ವಿಷಯದಲ್ಲಿ ಕಲಬುರಗಿ ಸೀಮೆಯ ದೊಡ್ಡ ಆಸ್ತಿ ಜೋಳಕ್ಕಿಂತ ತೊಗರಿ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ದ್ವಿದಳ ಕಾಳಿನ ಕೋಣೆಗಳ ಗೋಡೆ ಬೇಯಿಸಿದರೂ ಬಹುಪಾಲು ಒಡೆಯುವುದಿಲ್ಲ, ಕೋಣೆಗಳು ಇಡಿಯಾಗಿ ಬಿಡಿಬಿಡಿಯಾಗುತ್ತವೆ. ತೊಗರಿ ಬೇಳೆಯಲ್ಲಿ 100 ಗ್ರಾಂಗೆ ಸುಮಾರು 9 ಗ್ರಾಂ ನಾರು, ಇಡೀ ಕಡಲೆಯಲ್ಲಿ ಸುಮಾರು 25. ಎಳ್ಳಮಾಸಿಗೆ ಹೊಲದಲ್ಲಿ ಕೂತು ಉಣ್ಣುವ ಭಜ್ಜಿ ನೆನಪಿಸಿಕೊಳ್ಳಿ: ಹಸಿ ಕಾಳುಗಳು, ಸೊಪ್ಪು, ಜೊತೆಗೆ ಸಜ್ಜೆ ರೊಟ್ಟಿ. ಸಕ್ಕರೆ ಕಾಯಿಲೆಯವರಿಗೆ ಇದಕ್ಕಿಂತ ಒಳ್ಳೆಯ ತಟ್ಟೆಯನ್ನು ನಾನು ಯೋಚಿಸಲಾರೆ. ವರ್ಷಕ್ಕೊಮ್ಮೆ ಯಾಕೆ, ವಾರಕ್ಕೆರಡು ಸಲ ಮಾಡಿ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಎಂದು ಹೇಳಿದೆ. 50 ಗ್ರಾಂ ಹಿಟ್ಟಿನ ಮೂರು ರೊಟ್ಟಿ ಸಾಣಿಸದಿದ್ದರೆ 15 ಗ್ರಾಂ, 40 ಗ್ರಾಂ ತೊಗರಿ ಬೇಳೆ ಮೂರೂವರೆ. ಉಳಿದದ್ದನ್ನು ಪಲ್ಯ, ಉಸಳಿ ಕಾಳು, ಸೆಂಗಾ ಹಿಂಡಿ ತುಂಬುತ್ತವೆ. ಆದರೆ ಜೋಳದ ತೂಕದಲ್ಲಿ ಮೂರನೇ ಎರಡು ಭಾಗ ಕಾರ್ಬೋಹೈಡ್ರೇಟೇ. ನಾರಿದೆ ಎಂದು ಐದನೇ ರೊಟ್ಟಿ ಹಾಕಿದರೆ ಸಕ್ಕರೆ ಏರಿಯೇ ಏರುತ್ತದೆ. ಮಾವನವರ ಬಳಿ ಗ್ಲೂಕೋಮೀಟರ್ ಇದ್ದರೆ ಒಂದು ದಿನ 100 ಗ್ರಾಂ ಹಿಟ್ಟಿನ ರೊಟ್ಟಿ, ಇನ್ನೊಂದು ದಿನ ಅದೇ ಹೊತ್ತಿಗೆ, ಅದೇ ಪಲ್ಯದ ಜೊತೆ 100 ಗ್ರಾಂ ನುಚ್ಚು ಕೊಟ್ಟು ಎರಡು ತಾಸಿನ ನಂತರ ನೋಡಿ ಬರೆದಿಡಿ. ಎರಡು ಮೂರು ಸಲ ಮಾಡಿದರೆ ಅವರ ದೇಹದ ಉತ್ತರ ಸಿಗುತ್ತದೆ. ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ಮಾತ್ರ ಅವರು ಹೇಳದೆ ಕಡಿಮೆ ಮಾಡಬಾರದು. ತೌಡನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬುತ್ತದೆ. ಎರಡು ವಾರದಲ್ಲಿ ನಿಧಾನಕ್ಕೆ ಏರಿಸಿ, ನೀರು ಹೆಚ್ಚು ಕುಡಿಸಿ. ಮನೆಯಲ್ಲಿ ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿದ್ದರೆ, ತೌಡಿನಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ನೆನಪಿರಲಿ. ಊಟಕ್ಕೆ ನಿಂಬೆ ಹಿಂಡಿಕೊಳ್ಳಲಿ, ಕಬ್ಬಿಣದ ಮಾತ್ರೆಯನ್ನು ಊಟದಿಂದ ದೂರದ ಹೊತ್ತಿನಲ್ಲಿ ನುಂಗಲಿ.

ಕೊನೆಗೆ ನಿಮ್ಮ ಎಮ್ಮೆಯ ಪ್ರಶ್ನೆ. ನಾರೆಲ್ಲ ಅದಕ್ಕೆ ಹೋಗುತ್ತಿಲ್ಲ. ಒಳಗಿನ ತೆಳು ಗೋಡೆಗಳು ಹಿಟ್ಟಿನಲ್ಲೇ ಉಳಿದಿವೆ, ಸಾಣಿಗೆಯ ಕಣ್ಣಿನಿಂದ ಇಳಿದ ಸಣ್ಣ ತೌಡೂ ಇದೆ. ಆದರೆ ಗಟ್ಟಿ ಪಾಲು ಅದಕ್ಕೇ ಹೋಗುತ್ತಿದೆ. ಗೋಡೆಯ ಬಹುಪಾಲನ್ನು ಕರಗಿಸುವ ಸೂಕ್ಷ್ಮಜೀವಿಗಳು ಎಮ್ಮೆಯ ಹೊಟ್ಟೆಯಲ್ಲಿವೆ, ಹಾಗಾಗಿ ಅದಕ್ಕೆ ಯಾವ ಹೊಟ್ಟಾದರೂ ಆದೀತು. ನಾಳೆಯಿಂದ ಜೋಳದ ತೌಡು ಹಿಟ್ಟಿನ ಡಬ್ಬಿಯಲ್ಲೇ ಇರಲಿ, ಎಮ್ಮೆಗೆ ದಾಲ್ ಮಿಲ್ಲಿನ ತೊಗರಿ ಹೊಟ್ಟು ತರಿಸಿ.